ವೈರಸ್ ಚರ್ಮಕೋಶದ ಡಿಎನ್‌ಎಯನ್ನೇ ತಿದ್ದುತ್ತದೆಯೇ?

ವೈರಸ್ ಚರ್ಮಕೋಶದ ಡಿಎನ್‌ಎಯನ್ನೇ ತಿದ್ದಿ ಕ್ಯಾನ್ಸರ್ ಉಂಟುಮಾಡುತ್ತದೆಯೇ ಎಂದು ಕೇಳಿದ್ದೀರಿ. ಹೆಚ್ಚು ಅಧ್ಯಯನವಾಗಿರುವ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸನ್ನು, ಅಂದರೆ ಎಚ್‌ಪಿವಿಯನ್ನು, ಮುಂದಿಟ್ಟುಕೊಂಡು ಉತ್ತರಿಸುತ್ತೇನೆ. ಅದರ ಮುಖ್ಯ ಕೆಲಸ ತಿದ್ದುವುದಲ್ಲ; ಯಾವ ಜೀನ್ ಯಾವಾಗ ಕೆಲಸ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂದು ನಿರ್ಧರಿಸುವ ಪ್ರೋಟೀನುಗಳನ್ನು ಕೈವಶ ಮಾಡಿಕೊಳ್ಳುವುದು.

ಹೊರಚರ್ಮದ ಕೆರಾಟಿನೋಸೈಟ್ ಕೋಶಗಳು ತಳಪದರದಲ್ಲಿ ವಿಭಜನೆಗೊಳ್ಳುತ್ತವೆ. ಅಲ್ಲಿಂದ ಮೇಲಕ್ಕೆ ಸರಿದ ಕೋಶವು ವಿಭಜನೆಯ ಜೀನುಗಳನ್ನು ನಿಲ್ಲಿಸಿ, ಕೆರಾಟಿನ್ 10, ಲೋರಿಕ್ರಿನ್ ಮೊದಲಾದ ಗಟ್ಟಿ ಪ್ರೋಟೀನುಗಳನ್ನು ತಯಾರಿಸಿ, ಕಡೆಗೆ ಸತ್ತ ಹೊಟ್ಟಾಗಿ ಉದುರುತ್ತದೆ. ವೈರಸ್ಸಿಗೆ ತೊಡಕಾಗುವುದು ಇಲ್ಲಿಯೇ. ಸುಮಾರು 8,000 ಬೇಸ್ ಜೋಡಿಗಳಿರುವ ಅದರ ಪುಟ್ಟ ಜೀನೋಮಿನಲ್ಲಿ ಡಿಎನ್‌ಎಯನ್ನು ನಕಲು ಮಾಡುವ ಕಿಣ್ವವಾದ ಡಿಎನ್‌ಎ ಪಾಲಿಮರೇಸ್ ಇಲ್ಲದಿರುವುದರಿಂದ ಅದು ಕೋಶದ ಪಾಲಿಮರೇಸನ್ನೇ ನೆಚ್ಚಿಕೊಳ್ಳಬೇಕು. ಆದರೆ ಅದರ ಸಂತತಿ ಹೆಚ್ಚುವುದು ಆ ವ್ಯವಸ್ಥೆಯೆಲ್ಲ ನಿಂತುಹೋಗಿರಬೇಕಾದ ಮೇಲಿನ ಪದರಗಳಲ್ಲಿ.

ಇದಕ್ಕಾಗಿಯೇ ವೈರಸ್ ಇ7 ಎಂಬ ಪ್ರೋಟೀನನ್ನು ಇಟ್ಟುಕೊಂಡಿದೆ. ಸಾಮಾನ್ಯವಾಗಿ ಆರ್‌ಬಿ ಪ್ರೋಟೀನ್, ವಿಭಜನೆಯ ಜೀನುಗಳನ್ನು ಎಬ್ಬಿಸುವ ಇ2ಎಫ್ ಎಂಬ ಪ್ರೋಟೀನನ್ನು ಹಿಡಿದಿಟ್ಟಿರುತ್ತದೆ. ಇ7 ಆ ಆರ್‌ಬಿಗೆ ಅಂಟಿಕೊಂಡು ಅದನ್ನು ನಾಶಕ್ಕೆ ಗುರಿಮಾಡಿದಾಗ ಇ2ಎಫ್‌ಗೆ ಲಗಾಮೇ ಉಳಿಯುವುದಿಲ್ಲ. ಇಂಥ ಅಕಾಲಿಕ ವಿಭಜನೆಯನ್ನು ಗಮನಿಸಿ ಕೋಶವನ್ನು ತಡೆಯುವ ಅಥವಾ ಸಾಯಿಸುವ ಜೀನುಗಳನ್ನು ಪಿ53 ಎಂಬ ಕಾವಲು ಪ್ರೋಟೀನು ಚುರುಕುಗೊಳಿಸಬೇಕಿತ್ತು. ಆದರೆ ವೈರಸ್ಸಿನ ಇ6 ಪ್ರೋಟೀನು ಕೋಶದ್ದೇ ಆದ ಇ6ಎಪಿ ಕಿಣ್ವವನ್ನು ಕರೆತಂದು ಪಿ53ಯನ್ನು ಒಡೆಯಿಸುತ್ತದೆ. ಕ್ರೋಮೋಸೋಮಿನ ತುದಿಗಳು ಸವೆಯದಂತೆ ಕಾಯುವ ಟೆಲೊಮರೇಸ್ ಕಿಣ್ವದ ಜೀನನ್ನು ಚುರುಕುಗೊಳಿಸಿ ಕೋಶದ ಆಯುಷ್ಯ ಹೆಚ್ಚಿಸುವುದೂ ಇ6ರ ಕೆಲಸವೇ. ನನಗೆ ಅತ್ಯಂತ ಸ್ವಾರಸ್ಯಕರವಾಗಿ ಕಾಣುವುದು ಪಿ16 ಎಂಬ ನಮ್ಮ ಕೋಶದ ಪ್ರೋಟೀನಿನ ಸಂಗತಿ. ಇ7 ಇರುವ ಕೋಶದಲ್ಲಿ ಹಿಸ್ಟೋನುಗಳ (ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನುಗಳ) ಮೇಲಿದ್ದು ಜೀನನ್ನು ಸುಮ್ಮನಿರಿಸುವ ಗುರುತುಗಳನ್ನು ಅಳಿಸುವ ಕಿಣ್ವವೊಂದು ಹೆಚ್ಚಾಗಿ, ವಿಭಜನೆಯನ್ನು ತಡೆಯಬೇಕಾದ ಪಿ16 ವಿಪರೀತ ತಯಾರಾಗುತ್ತದೆ. ಆದರೆ ಪಿ16 ಕೆಲಸ ಮಾಡುವುದು ಆರ್‌ಬಿಯ ಮೂಲಕ. ಆರ್‌ಬಿಯೇ ಇಲ್ಲದಲ್ಲಿ ಅದು ವ್ಯರ್ಥ. ಗರ್ಭಕಂಠದ ಮತ್ತು ಗಂಟಲಿನ ಅಂಗಾಂಶ ಪರೀಕ್ಷೆಯಲ್ಲಿ ಪಿ16ಕ್ಕೆ ಬಣ್ಣ ಹಾಕಿ ನೋಡುವುದು ಇದೇ ಕಾರಣಕ್ಕೆ: ಅದು ವಿಪರೀತವಾಗಿದ್ದರೆ ಎಚ್‌ಪಿವಿಯ ಸುಳಿವು.

ಇ6, ಇ7ಗಳನ್ನು ಮಿತಿಯಲ್ಲಿಡುವುದು ವೈರಸ್ಸಿನದೇ ಇ2 ಪ್ರೋಟೀನು (ಹೆಸರು ಹೋಲುತ್ತದೆಯಷ್ಟೇ, ಇದು ಇ2ಎಫ್ ಅಲ್ಲ). ವೈರಸ್ಸಿನ ಡಿಎನ್‌ಎ ತುಂಡಾಗಿ ನಮ್ಮ ಕ್ರೋಮೋಸೋಮಿನೊಳಗೆ ಸೇರಿಕೊಂಡಾಗ ಅನೇಕ ಬಾರಿ ಇ2 ಜೀನೇ ಮುರಿದುಹೋಗುತ್ತದೆ. 1951ರಲ್ಲಿ ಬಾಲ್ಟಿಮೋರಿನಲ್ಲಿ ಗರ್ಭಕಂಠದ ಗಡ್ಡೆಯೊಂದರಿಂದ ಬೆಳೆಸಿದ ಹೀಲಾ ಕೋಶಗಳಲ್ಲಿ ಎಚ್‌ಪಿವಿ 18 ಹೀಗೆ ಸೇರಿಕೊಂಡಿದೆ. ಆ ಕೋಶಗಳಿಗೆ ಇ2ವನ್ನು ಮತ್ತೆ ಒದಗಿಸಿದರೆ ಪಿ53 ಮತ್ತು ಆರ್‌ಬಿ ಮರಳಿ ಕೆಲಸಕ್ಕೆ ಬರುತ್ತವೆ, ವಿಭಜನೆ ನಿಲ್ಲುತ್ತದೆ. ಅಷ್ಟು ವರ್ಷ ಪ್ರಯೋಗಾಲಯದಲ್ಲಿ ಬೆಳೆದ ಮೇಲೂ ಆ ಎರಡು ಜೀನುಗಳು ಕೆಟ್ಟಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ ಎಂದುಕೊಳ್ಳುತ್ತೇನೆ.

ಕೈಕಾಲುಗಳ ಸಾಮಾನ್ಯ ನರುಳಿಗಳೂ ಎಚ್‌ಪಿವಿಯಿಂದಲೇ ಬರುತ್ತವಾದರೂ ಅವುಗಳ ತಳಿಗಳು ಬೇರೆ, ಅವುಗಳಿಗೆ ಹೆದರಬೇಕಿಲ್ಲ. ನಿಮ್ಮ ಊಹೆಗೆ ಹೆಚ್ಚು ಹತ್ತಿರವಾಗುವುದು ಪಿಟ್ಸ್‌ಬರ್ಗಿನಲ್ಲಿ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಅವರ ತಂಡ 2008ರಲ್ಲಿ ಪ್ರಕಟಿಸಿದ ಮರ್ಕೆಲ್ ಕೋಶ ಪಾಲಿಯೋಮಾ ವೈರಸ್. ಮರ್ಕೆಲ್ ಕೋಶ ಕ್ಯಾನ್ಸರ್ ಎಂಬ ಅಪರೂಪದ ಚರ್ಮದ ಗಡ್ಡೆಗಳ ಪೈಕಿ ಸುಮಾರು 80 ಶೇಕಡಾದಲ್ಲಿ ಅದರ ಡಿಎನ್‌ಎ ನಮ್ಮ ಡಿಎನ್‌ಎಯೊಳಗೆ ಸೇರಿಕೊಂಡಿರುತ್ತದೆ. ಅಲ್ಲಿಯೂ ಅದು ಮಾಡುವುದು ಆರ್‌ಬಿಯನ್ನು ಕಟ್ಟಿಹಾಕುವ ಅದೇ ಕೆಲಸವನ್ನು.