ಹನ್ನೊಂದು ತಿದ್ದುಪಡಿ, ಒಂದೇ ಪ್ಯಾಚ್

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ರಜೆಗೆ ಊರಿಗೆ ಬಂದಾಗ ಒಂದು ಓಪನ್ ಸೋರ್ಸ್ ಪ್ರಾಜೆಕ್ಟಿನ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಕೋಡ್ ಓದುತ್ತಿದ್ದೆ. ಕಾಮೆಂಟಿನಲ್ಲಿ ಸ್ಪೆಲಿಂಗ್ ತಪ್ಪು, ಸಾಲಿನ ಕೊನೆಗೆ ಖಾಲಿ ಜಾಗ, ಬಳಸದ ವೇರಿಯಬಲ್, ಹೀಗೆ ಒಂದೇ ಫೈಲಿನಲ್ಲಿ 11 ಕಡೆ ಸರಿ ಮಾಡಿ ಪ್ಯಾಚ್ (ಬದಲಾವಣೆಗಳ ಪಟ್ಟಿ) ಇಮೇಲಿನಲ್ಲಿ ಕಳಿಸಿದೆ. ‘ಬೇರೆ ಬೇರೆ ಮಾಡಿ ಕಳಿಸಿ, ಯಾಕೆ ಅಂತ ಬರೆಯಿರಿ’ ಎಂದಷ್ಟೇ ಉತ್ತರ ಬಂತು. ಸಣ್ಣ ಕೆಲಸಕ್ಕೆ ಇಷ್ಟೊಂದು ಶಾಸ್ತ್ರ ಬೇಕಾ? ಬಿಟ್ಟುಬಿಡಲಾ?
– ಓದುಗ, ಶಿರಸಿ ತಾಲ್ಲೂಕು

ಉತ್ತರ: ಬಿಡಬೇಡಿ. ಯಾರೋ ನಿಮ್ಮ ಪ್ಯಾಚ್ ತೆರೆದು ಓದಿ, ಏನು ಮಾಡಬೇಕು ಅಂತಲೂ ಹೇಳಿದ್ದಾರೆ, ಅದು ಒಳ್ಳೆಯ ಸುದ್ದಿಯೇ.

ಚಾಲಿ ಅಡಿಕೆ, ರಾಶಿ ಅಡಿಕೆ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಸೊಸೈಟಿಗೆ ಒಯ್ದರೆ ಯಾರು ದರ ಕಟ್ಟುತ್ತಾರೆ? ಅಡಿಕೆ ಚೆನ್ನಾಗಿಯೇ ಇರಬಹುದು, ಆದರೆ ಮೊದಲು ಯಾರಾದರೂ ಕೂತು ಆರಿಸಬೇಕು ಅಲ್ವಾ. ಪ್ಯಾಚ್ ಕೂಡ ಹಾಗೇ. ಸ್ಪೆಲಿಂಗ್ ತಿದ್ದಿದ್ದಕ್ಕೆ ಒಮ್ಮೆ ಕಣ್ಣಾಡಿಸಿದರೆ ಸಾಕು. ವೇರಿಯಬಲ್ ತೆಗೆದದ್ದಕ್ಕೆ ಹಾಗಲ್ಲ.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡ್ರೈವರಿನಲ್ಲಿ ಹಾರ್ಡ್‌ವೇರ್ ರಿಜಿಸ್ಟರ್ (ಸಾಧನದೊಳಗಿನ ಪುಟ್ಟ ಮಾಹಿತಿ ಖಾನೆ) ಓದಿ ಒಂದು ವೇರಿಯಬಲ್‌ಗೆ ಹಾಕಿರುತ್ತಾರೆ, ಆಮೇಲೆ ಅದನ್ನು ಎಲ್ಲೂ ಬಳಸಿರುವುದಿಲ್ಲ. ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಪ್ರೋಗ್ರಾಂ) ಎಚ್ಚರಿಕೆ ಕೊಡುತ್ತದೆ, ನಾವು ಸುಮ್ನೆ ಸಾಲನ್ನೇ ಅಳಿಸುತ್ತೇವೆ. ಆದರೆ ಕೆಲವು ರಿಜಿಸ್ಟರ್‌ಗಳು ಓದಿದ ಕೂಡಲೇ ತಮ್ಮಷ್ಟಕ್ಕೆ ಸೊನ್ನೆಯಾಗುತ್ತವೆ, ಎಷ್ಟೋ ಸಲ ಅದಕ್ಕಾಗಿಯೇ ಓದಿರುತ್ತಾರೆ. ಸಾಲು ಹೋದರೆ ಆ ಕೆಲಸವೂ ಹೋಯಿತು. ಕಂಪೈಲ್ ಸರಿಯಾಗಿಯೇ ಆಗುತ್ತದೆ, ಕೆಡುವುದು ಯಾರದ್ದೋ ಮನೆಯ ಯಂತ್ರ. ಹಾಗಾಗಿ ವೇರಿಯಬಲ್ ಮಾತ್ರ ತೆಗೆಯಿರಿ, ರಿಜಿಸ್ಟರ್ ಓದುವ ಆದೇಶ ಇರಲಿ. ಆ ಸಾಧನ ನಿಮ್ಮ ಹತ್ತಿರ ಇಲ್ಲದಿದ್ದರೆ ‘ಕಂಪೈಲ್ ಮಾಡಿ ಮಾತ್ರ ನೋಡಿದ್ದೇನೆ’ ಅಂತ ಬರೆಯಿರಿ. ಅದರಲ್ಲಿ ನಾಚಿಕೆಯೇನೂ ಇಲ್ಲ, ಓದುವವರಿಗೆ ಎಲ್ಲಿ ಜಾಸ್ತಿ ಗಮನ ಕೊಡಬೇಕು ಅಂತ ಗೊತ್ತಾಗುತ್ತದೆ.

ವಿವರಣೆಯಲ್ಲಿ ‘ಕೋಡ್ ಸ್ವಚ್ಛ ಮಾಡಿದೆ’ ಅಂತಷ್ಟೇ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಏನು ಬದಲಾಯಿತು ಅನ್ನುವುದು ಪ್ಯಾಚಿನಲ್ಲೇ ಕಾಣುತ್ತದೆ. ಯಾಕೆ ಅನ್ನುವುದನ್ನು ನೀವೇ ಹೇಳಬೇಕು. ‘ಈ ವೇರಿಯಬಲ್‌ಗೆ ಬೆಲೆ ಹಾಕಿದ್ದಾರೆ, ಎಲ್ಲೂ ಓದಿಲ್ಲ, ರಿಜಿಸ್ಟರ್ ಓದುವುದನ್ನು ಹಾಗೇ ಉಳಿಸಿದ್ದೇನೆ’ – ಇಷ್ಟು ಸಾಕು.

ಎಲ್ಲಿ ಶುರು ಮಾಡಬೇಕು ಅನ್ನುವುದೂ ಮುಖ್ಯ. ಲಿನಕ್ಸ್ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನಲ್ಲಿ 2008ರಿಂದ ಸ್ಟೇಜಿಂಗ್ ಎಂಬ ಫೋಲ್ಡರ್ ಇದೆ, ಇನ್ನೂ ಪೂರ್ತಿ ಪಳಗದ ಡ್ರೈವರ್‌ಗಳು ಅಲ್ಲಿರುತ್ತವೆ, ಹೊಸಬರ ಇಂಥ ಪ್ಯಾಚ್‌ಗಳಿಗೆ ಅದೇ ಸರಿಯಾದ ಜಾಗ. ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸಿದರೆ ಕೋಡ್ ಬರೆಯುವ ಶೈಲಿಯ ತಪ್ಪುಗಳನ್ನು ತೋರಿಸುತ್ತದೆ. ಹಾಗಂತ ಅದು ತೋರಿಸಿದ್ದನ್ನೆಲ್ಲ ತಿದ್ದಲೇಬೇಕು ಅಂತಿಲ್ಲ, ಅದಕ್ಕೆ ಕೋಡಿನ ಅರ್ಥ ಗೊತ್ತಿಲ್ಲ, ನಿಮಗೆ ಗೊತ್ತಿರಬೇಕು. ಬೇರೆ ಕಡೆ, ವರ್ಷಗಟ್ಟಲೆ ಸರಿಯಾಗಿ ನಡೆಯುತ್ತಿರುವ ಕೋಡಿನಲ್ಲಿ ಬರೀ ಜಾಗ ಸರಿಪಡಿಸಲು ಹೋಗಬೇಡಿ. ಯಾವ ಸಾಲು ಯಾಕೆ ಬಂತು ಅಂತ ಹಳೆಯ ಇತಿಹಾಸ ಹುಡುಕುವವರಿಗೆ ನಿಮ್ಮ ಪ್ಯಾಚ್ ಅಡ್ಡ ಬರುತ್ತದೆ.

ಈಗ ನಿಮ್ಮ ಹನ್ನೊಂದನ್ನು ಮೂರು ಮಾಡಿ: ಸ್ಪೆಲಿಂಗ್ ಒಂದು, ಖಾಲಿ ಜಾಗ ಒಂದು, ವೇರಿಯಬಲ್ ಒಂದು. ಪ್ರತಿಯೊಂದರ ನಂತರವೂ ಕಂಪೈಲ್ ಆಗಬೇಕು. ಇಮೇಲಿನ ವಿಷಯದ ಸಾಲಿನಲ್ಲಿ ‘ವಿ2’ (ಎರಡನೇ ಆವೃತ್ತಿ) ಅಂತ ಹಾಕಿ. ಹಿಂದಿನದಕ್ಕಿಂತ ಏನು ಬದಲಾಗಿದೆ ಅನ್ನುವುದನ್ನು ವಿವರಣೆಯ ಕೊನೆಗೆ ಬರುವ ಮೂರು ಗೀಟಿನ (---) ಕೆಳಗೆ ಬರೆಯಿರಿ, ಅಲ್ಲಿ ಬರೆದದ್ದು ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಇತಿಹಾಸಕ್ಕೆ ಸೇರುವುದಿಲ್ಲ. ಜಿಮೇಲ್ ವೆಬ್‌ ಪುಟದಿಂದ ಅಂಟಿಸಿ ಕಳಿಸಬೇಡಿ, ಟ್ಯಾಬ್‌ಗಳೆಲ್ಲ ಸ್ಪೇಸ್ ಆಗಿಬಿಡುತ್ತವೆ, ಪ್ಯಾಚ್ ಕೋಡಿಗೆ ಹತ್ತುವುದೇ ಇಲ್ಲ. ಗಿಟ್ ಸೆಂಡ್-ಇಮೇಲ್ ಆದೇಶ ಬಳಸಿ, ಮೊದಲು ನಿಮಗೇ ಒಂದು ಕಳಿಸಿಕೊಂಡು ನೋಡಿ. ಆಮೇಲೆ ಒಂದು ವಾರವಾದರೂ ಕಾಯಿರಿ. ಅಷ್ಟರಲ್ಲಿ ಅದೇ ಡ್ರೈವರಿನ ಉಳಿದ ಫೈಲುಗಳನ್ನು ಓದಿ, ಮುಂದಿನ ಪ್ಯಾಚ್ ಅಲ್ಲೇ ಸಿಗಬಹುದು.