ಆಲ್ಟೊ ಮಾರಿ ಹಳೆಯ ಹೋಂಡಾ ಸಿಟಿ ಕೊಳ್ಳುವ ಮುನ್ನ

ಉಡುಪಿಯಿಂದ ಮಂಗಳೂರಿಗೆ ದಿನವೂ ಓಡಾಡುವ ನೀವು, ಆಲ್ಟೊ ಮಾರಿ 2002ರ ಹೋಂಡಾ ಸಿಟಿ ವಿಟೆಕ್ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಕೊಳ್ಳಿ, ಆದರೆ ಆಲ್ಟೊವನ್ನು ಈಗಲೇ ಮಾರಬೇಡಿ. 1.5 ಲೀಟರಿನ ಆ ಎಂಜಿನ್ನಿನ 106 ಅಶ್ವಶಕ್ತಿಗೆ ಮನಸೋಲುವುದು ಸಹಜ (ನಾನೂ ಸೋತವನೇ); ಆದರೆ ನಮ್ಮ ಕರಾವಳಿಯ ಉಪ್ಪುಗಾಳಿಗೂ ನಾಲ್ಕು ತಿಂಗಳ ಮಳೆಗೂ ಎಂಜಿನ್ನಿಗಿಂತ ಮೊದಲು ಸೋಲುವುದು ತಗಡು. ಮಲ್ಪೆಯ ಬಳಿ ನಾನು ನೋಡಲು ಹೋದ ಕಾರೊಂದರ ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಡಿಕ್ಕಿಯ ಸ್ಟೆಪ್ನಿ ಎತ್ತಿದರೆ ಅಡಿಯಲ್ಲಿ ಕೆಂಪು ನೀರು ನಿಂತಿತ್ತು, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ತಗಡು ಹಪ್ಪಳದಂತೆ ಮುರಿದು ಉದುರಿತು. ಆದ್ದರಿಂದ ಸ್ಟೆಪ್ನಿಯ ಗುಂಡಿ, ಜ್ಯಾಕ್ ಕೊಡುವ ಅಂಚು, ಮ್ಯಾಟಿನ ಅಡಿಯ ನೆಲ, ಇವನ್ನು ಸಾಧ್ಯವಾದರೆ ಮಳೆಗಾಲದಲ್ಲೇ ಪರೀಕ್ಷಿಸಿ. ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಒಳಗಿನ ಚಲನೆಗಳನ್ನು ಹೊಂದಿಸುವ, ಆಗಾಗ ಬದಲಿಸಬೇಕಾದ ಪಟ್ಟಿ) ಬದಲಿಸಿದ ಬಿಲ್ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಿಂದ ಕಳೆಯಿರಿ. 15 ವರ್ಷ ದಾಟಿದ ಕಾರಾದ್ದರಿಂದ, ಐದು ವರ್ಷಕ್ಕೊಮ್ಮೆ ಮಾಡಿಸಬೇಕಾದ ನೋಂದಣಿ ನವೀಕರಣ ಎಂದಿನವರೆಗೆ ಊರ್ಜಿತವಾಗಿದೆ ಎಂಬುದನ್ನು ಆರ್‌ಸಿಯಲ್ಲಿ ನೋಡಿಕೊಳ್ಳಿ. ಬಿಡಿಭಾಗ ಬರುವವರೆಗೆ ಸಿಟಿ ಕಾರು ಗ್ಯಾರೇಜಿನಲ್ಲಿ ನಿಂತಾಗ ನಿಮ್ಮನ್ನು ಸಮಯಕ್ಕೆ ಸರಿಯಾಗಿ ಕಚೇರಿಗೆ ಮುಟ್ಟಿಸುವುದು ಆಲ್ಟೊವೇ. ಒಂದು ಮಳೆಗಾಲ ಎರಡನ್ನೂ ಇಟ್ಟುಕೊಂಡು, ಆಮೇಲೆ ಮಾರುವ ಮಾತನ್ನು ಯೋಚಿಸಿ.