ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ 11 ಬೇಕೇ, ಲಿನಕ್ಸ್ ಸಾಕೇ?

2015ರ ನಿಮ್ಮ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಲಾಗುತ್ತಿಲ್ಲ, ಅದರ ಬದಲು ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಸಾಕೇ ಎಂದು ಕೇಳಿದ್ದೀರಿ. ಅದನ್ನು ವಿಂಡೋಸ್ 11 ಒಪ್ಪದಿರಲು ಕಾರಣ ಬಹುಶಃ ಪ್ರೊಸೆಸರ್. ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನವು ಅದಕ್ಕೆ ನಡೆಯುವುದಿಲ್ಲ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೂಡ ಯಂತ್ರದಲ್ಲಿ ಬೇಕು. ಅಡ್ಡದಾರಿಯಲ್ಲಿ ಹಾಕಿಕೊಂಡರೆ ಮುಂದಿನ ಅಪ್‌ಡೇಟ್‌ಗಳಿಗೆ ಖಾತರಿಯಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಬ್ರೌಸಿಂಗ್, ವಿಡಿಯೊ, ಪತ್ರ ಬರೆಯುವುದು ಇಷ್ಟೇ ಕೆಲಸ ಎಂದಿದ್ದೀರಿ. ಹಾಗಿದ್ದರೆ ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್ ಧಾರಾಳವಾಗಿ ಸಾಕು. ಪರದೆಯ ವಿನ್ಯಾಸ ವಿಂಡೋಸ್‌ಗೆ ಹತ್ತಿರವಾದ್ದರಿಂದ ಮನೆಯ ಹಿರಿಯರಿಗೂ ಬೇಗ ಒಗ್ಗುತ್ತದೆ.

ಮೊದಲು ಫೋಟೊ, ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲಿಸಿ, ಬೇರೊಂದು ಕಂಪ್ಯೂಟರಿನಲ್ಲಿ ಅವು ತೆರೆಯುತ್ತವೆಯೇ ನೋಡಿ. ದಯವಿಟ್ಟು ಈ ಹೆಜ್ಜೆಯನ್ನು ಬಿಡಬೇಡಿ; ಅವಸರದಲ್ಲಿ ಬಿಟ್ಟು ನಾನು ಮಗಳ ಬಾಲ್ಯದ ಚಿತ್ರಗಳನ್ನು ಕಳೆದುಕೊಂಡಿದ್ದೇನೆ. ಆಮೇಲೆ ಮಿಂಟ್‌ನ ಐಎಸ್‌ಒ ಕಡತವನ್ನು (ಇಡೀ ವ್ಯವಸ್ಥೆ ಇರುವ ಒಂದೇ ಕಡತ) ಎಚರ್ ಎಂಬ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವಿನಲ್ಲಿ ಇದ್ದುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಲ್ಯಾಪ್‌ಟಾಪನ್ನು ಆ ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿ (ಚಾಲೂ ಮಾಡಿ), ಇನ್‌ಸ್ಟಾಲ್ ಮಾಡದೆಯೇ ವೈಫೈ, ಧ್ವನಿ, ಕನ್ನಡ ಟೈಪಿಂಗ್ ಪರೀಕ್ಷಿಸಿ. ಪ್ರಿಂಟರ್ ವಿಷಯ ಮಾತ್ರ ಮಾದರಿಯ ಮೇಲೆ ನಿಂತಿದೆ, ಜೋಡಿಸಿಯೇ ನೋಡಬೇಕು.

ಎಲ್ಲವೂ ಸರಿಯಿದ್ದರೆ ಡೆಸ್ಕ್‌ಟಾಪ್ ಮೇಲಿರುವ ಇನ್‌ಸ್ಟಾಲ್ ಐಕಾನ್ ಒತ್ತಿ. ಫೋಟೊಶಾಪ್‌ನಂತಹ ತಂತ್ರಾಂಶ ಬೇಕೇ ಬೇಕಾದರೆ ಅಲ್ಲಿಗೇ ನಿಲ್ಲಿಸಿ, ವಿಂಡೋಸ್ 11 ಇರುವ ಯಂತ್ರವನ್ನೇ ಕೊಳ್ಳಿ.